ತಂಪವ್ವ ಮನೆ ಹೊತ್ತು ಗುಡ್ಡ ದಾಟಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗುಡ್ಡಗಳನ್ನು ಮಾಡಿ ಒಣಗಲಿಕ್ಕೆ ಇಟ್ಟಿದ್ದರು, ಹತ್ತಿದರೆ ಹೆಜ್ಜೆ ಮೂಡುತ್ತಿತ್ತು. ನಕ್ಷತ್ರಗಳನ್ನು ಆಗಷ್ಟೇ ತೂಗುಹಾಕಿದ್ದರು. ಕೆಲವಕ್ಕೆ ಮೊಳೆ ಸರಿಯಾಗಿ ಕೂತಿರಲಿಲ್ಲ, ಆಗಾಗ ಒಂದೊಂದು ಜಾರಿ ಬೀಳುತ್ತಿತ್ತು. ಸೂರ್ಯನಂತೂ ಕೆಲಸಕ್ಕೆ ತೀರಾ ಹೊಸಬ. ಎಷ್ಟು ಸುಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಒಂದೂ ತಿಳಿಯದು.

ಆಗ ಬಸವನಹುಳುಗಳ ಬೆನ್ನ ಮೇಲೆ ಚಿಪ್ಪು ಇರಲಿಲ್ಲ. ನಂಬದಿದ್ದರೆ ಕಪ್ಪೆಯನ್ನು ಕೇಳಿ. ಈ ಕಥೆಯಲ್ಲಿ ಮುಕ್ಕಾಲು ಪಾಲು ಕಪ್ಪೆ ಹೇಳಿದ್ದು. ಉಳಿದ ಕಾಲು ಪಾಲು ನಿಜ.

ಒಂದು ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ನೀರು ನಿಂತ ಒಂದು ಕುಂಟೆ. ಕುಂಟೆಯ ದಡದಲ್ಲಿ ತಂಪವ್ವ ಅನ್ನುವ ಬಸವನಹುಳು, ಅವಳ ಗಂಡ ಸುತ್ತಯ್ಯ. ಇಬ್ಬರದೂ ಮೆತ್ತನೆಯ ಮೈ, ಮೆತ್ತನೆಯ ಮಾತು.

ಸುತ್ತಯ್ಯ ಮನೆ ಕಟ್ಟುವವನು. ಊರವರ ಮನೆಯನ್ನಲ್ಲ, ತನ್ನದೇ ಮನೆಯನ್ನು. ಆ ಮನೆ ಮುಗಿದದ್ದೇ ಇಲ್ಲ.

ಮೊದಲು ಒಂದು ಪುಟ್ಟ ಕೋಣೆ ಕಟ್ಟಿದ. ಅವನ ಹತ್ತಿರ ಅಳತೆಗೋಲು ಇರಲಿಲ್ಲ. "ಇಲ್ಲಿ ಬಾರೇ, ಒಂಚೂರು ನಿಂತ್ಕೋ" ಅಂತ ಹೆಂಡತಿಯನ್ನು ಕರೆದು ಅವಳ ಬೆನ್ನನ್ನೇ ಅಳತೆಗೆ ಹಿಡಿದ. ಆ ಕೋಣೆಯನ್ನು ಬಳಸಿಕೊಂಡು ಇನ್ನೊಂದು ಕೋಣೆ, ಸ್ವಲ್ಪ ದೊಡ್ಡದು. ಅದನ್ನು ಬಳಸಿಕೊಂಡು ಮತ್ತೊಂದು, ಇನ್ನೂ ದೊಡ್ಡದು. ಪ್ರತಿ ಸಲವೂ "ಬಾರೇ, ನಿಂತ್ಕೋ". ಪ್ರತಿ ಸಲವೂ ಅವಳ ಬೆನ್ನು. ಕೆಲಸ ಮಾಡುವಾಗ ಊಂ ಊಂ ಅಂತ ಒಂದು ರಾಗ ಎಳೆಯುತ್ತಿದ್ದ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ.

"ಗುಡ್ಡದ ಆಚೆ ಏನಿದೆ ನೋಡ್ಕೊಂಡು ಬರೋಣ ಅಂದಿದ್ರಲ್ಲ?" ಅಂತ ತಂಪವ್ವ ಕೇಳುವಳು.

"ಹೋಗೋಣ ಕಣೇ. ಇದೊಂದು ಸುತ್ತು ಮುಗೀಲಿ."

ಆ ಸುತ್ತು ಮುಗಿಯುವುದು. ಇನ್ನೊಂದು ಶುರುವಾಗುವುದು.

"ಈಗಲಾದ್ರೂ ಹೋಗೋಣ್ವಾ?"

"ಇದೊಂದು ಸುತ್ತು."

"ಅಲ್ರೀ, ಇಷ್ಟು ಸುತ್ತು ಕಟ್ಟಿದ್ರಿ, ಒಂದು ಕಿಟಕಿ ಇಡಲಿಲ್ವಲ್ಲ."

ಸುತ್ತಯ್ಯ ಕಿಟಕಿಯನ್ನು ಮರೆತೇಬಿಟ್ಟಿದ್ದ. ಆದರೆ ಮನೆ ಕಟ್ಟುವವನು ಮರೆತೆ ಅಂತ ಒಪ್ಪಿಕೊಳ್ಳುತ್ತಾನೆಯೇ? "ಇಷ್ಟಗಲ ಬಾಗಿಲಿರೋವಾಗ ಕಿಟಕಿ ಯಾವ ಮಂಕನಿಗೆ ಬೇಕು?" ಅಂದ. ತಂಪವ್ವ ಒಂದು ದಿನವಿಡೀ ಆ ಮಾತಿಗೆ ನಕ್ಕಳು.

ಹೀಗಿರುವಾಗ ಒಂದು ಬೆಳಿಗ್ಗೆ ಸುತ್ತಯ್ಯ ಗೋಡೆಗೆ ಸುಣ್ಣ ತರಲು ಹೊರಟ. ಬಾಗಿಲಲ್ಲಿ ತಿರುಗಿ, "ಬರ್ತೀನಿ" ಅಂದ.

ಅವತ್ತೇ ಸೂರ್ಯನಿಗೆ ತನ್ನ ಶಕ್ತಿ ಎಷ್ಟಿದೆ ನೋಡೋಣ ಅನ್ನಿಸಬೇಕೆ? ಇದ್ದಷ್ಟನ್ನೂ ಒಮ್ಮೆಲೇ ಸುರಿದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಗೊದ್ದಕ್ಕ, ಅಂದರೆ ಕಪ್ಪು ಗೊದ್ದ ಇರುವೆ, ಓಡಿ ಬಂದಳು. ಯಾವಾಗಲೂ ಬಾಯಿ ಮುಚ್ಚದವಳು ಎರಡೇ ಮಾತಲ್ಲಿ ಸುದ್ದಿ ಮುಗಿಸಿದಳು. ಸುತ್ತಯ್ಯ ಸುಣ್ಣದ ಬಂಡೆಯ ಮೇಲೆ ಒಣಗಿಹೋಗಿದ್ದ.

ಲೋಕಕ್ಕೆ ಸಾವು ಹೊಸದು. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಎಲ್ಲರೂ ಬಂದರು, ಕೂತರು, ಎದ್ದು ಹೋದರು. ಕೆಲವರು ಎಲೆ ಚಿಗುರು ತಂದಿಟ್ಟರು. ತಂಪವ್ವ ಒಂದನ್ನೂ ಮುಟ್ಟಲಿಲ್ಲ.

ಗೊತ್ತಿಲ್ಲದ ವಿಷಯ ಬಂದರೆ ಕಪ್ಪೆ ಜೋಯಿಸನನ್ನು ಕೇಳುವುದು ವಾಡಿಕೆ. ಜೋಯಿಸನಿಗೆ ಗೊತ್ತಿದ್ದದ್ದು ಮೂರು ನಕ್ಷತ್ರ. ಅದರಲ್ಲಿ ಒಂದು ಮಿಂಚುಹುಳು.

ಜೋಯಿಸ ಆಕಾಶ ನೋಡಿದ, ನೆಲ ನೋಡಿದ, ಗಂಟಲು ಉಬ್ಬಿಸಿದ. "ನಕ್ಷತ್ರ ಕೆಟ್ಟದ್ದು. ಬಾಗಿಲಿಗೆ ಮುಳ್ಳು ಹಾಕಬೇಕು. ಆರು ತಿಂಗಳು ಈ ಜಾಗ ಬಿಡಬೇಕು."

"ಹಾಡಹಗಲು ಹೋದವರಿಗೆ ನಕ್ಷತ್ರ ಎಲ್ಲಿಂದ ಬಂತು ಜೋಯಿಸರೇ?" ಅಂತ ಗೊದ್ದಕ್ಕ ಕೇಳಿದಳು.

"ಹಗಲು ಹೊತ್ತು ನಿನಗೆ ಕಾಣಲ್ಲ, ನನಗೆ ಕಾಣುತ್ತೆ. ಕಣ್ಣು ಇಷ್ಟು ದಪ್ಪ ಮತ್ಯಾಕೆ ಇಟ್ಟಿದಾರೆ?"

ತಂಪವ್ವ ಮೆಲ್ಲಗೆ ಅಂದಳು: "ಅವರು ಬರ್ತೀನಿ ಅಂದಿದಾರೆ. ಬಂದಾಗ ಬಾಗಿಲಿಗೆ ಮುಳ್ಳು ಬಡಿದಿದ್ರೆ ಏನಂದ್ಕೋತಾರೆ?"

ನಾಳೆ ಮುಳ್ಳು ತರುತ್ತೇನೆ ಅಂತ ಹೇಳಿ ಜೋಯಿಸ ಕುಂಟೆಗೆ ಹಾರಿದ.

ಮರುದಿನ ಮೋಡ ಕವಿದಿತ್ತು. ತಂಪವ್ವ ಮನೆಯ ತೀರಾ ಒಳಗೆ, ಮೊಟ್ಟಮೊದಲು ಕಟ್ಟಿದ ಆ ಪುಟ್ಟ ಕೋಣೆಯಲ್ಲಿ ಬೆನ್ನೊತ್ತಿ ಕೂತಿದ್ದಳು. ಗೊದ್ದಕ್ಕ ಬಾಗಿಲಿಂದ ಇಣುಕಿದಳು.

"ಏನೇ, ಒಳಗೇ ಬೇರು ಬಿಟ್ಯಾ? ಜೋಯಿಸರು ಜಾಲಿಮುಳ್ಳು ಎಳ್ಕೊಂಡು ಬರ್ತಾ ಇದಾರೆ."

"ಇಲ್ಲಿರೋಕೆ ಆಗ್ತಿಲ್ಲ ಗೊದ್ದಕ್ಕ. ಎಲ್ಲಿ ನೋಡಿದ್ರೂ ಅವರ ಕೈಕೆಲಸ."

"ಮತ್ತೆ ಹೊರಡು."

"ಬಿಟ್ಟು ಹೋಗೋಕೂ ಆಗ್ತಿಲ್ಲ. ಎಲ್ಲಿ ನೋಡಿದ್ರೂ ಅವರ ಕೈಕೆಲಸ."

ಗೊದ್ದಕ್ಕನ ವಂಶದಲ್ಲಿ ಯಾವ ತೊಡಕಿಗೂ ಒಂದೇ ಮದ್ದು. "ಹಂಗಾದ್ರೆ ಹೊತ್ಕೊಂಡು ಹೋಗು" ಅಂದಳು.

"ಮನೇನಾ?"

"ಇನ್ನೇನು, ಕುಂಟೇನಾ? ನಾನು ನನ್ನ ಹತ್ತರಷ್ಟು ದೊಡ್ಡ ಮಿಡತೇನ ಹೊತ್ತಿಲ್ವಾ?"

ತಂಪವ್ವ ಒಮ್ಮೆ ಗೋಡೆ ಸವರಿದಳು. ಸುಮ್ಮನೆ, ಆಗುತ್ತದೆ ಅಂತಲ್ಲ, ಮೆಲ್ಲಗೆ ಎದ್ದಳು. ಅವಳ ಜೊತೆ ಮನೆಯೂ ಎದ್ದಿತು.

ಏಳದೆ ಏನು? ಒಂದೊಂದು ಸುತ್ತಿಗೂ ಸುತ್ತಯ್ಯ ಹಿಡಿದದ್ದು ಅವಳ ಬೆನ್ನಿನ ಅಳತೆ. ಗೋಡೆ ಎಲ್ಲೂ ಒತ್ತಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ. ಕಿಟಕಿ ಮರೆತವನು ಅಳತೆ ಮರೆತಿರಲಿಲ್ಲ.

ಜಾಲಿಮುಳ್ಳು ಎಳೆದುಕೊಂಡು ಬಂದ ಜೋಯಿಸನ ಎದುರಿಗೆ ಮನೆಯೇ ನಡೆದು ಬಂತು. "ಏಯ್, ಏನಿದು? ಬಿಡು ಅಂದ್ರೆ ಎತ್ಕೊಂಡು ಹೊರಟ್ಯಲ್ಲ?"

"ಜಾಗ ಬಿಡು ಅಂದ್ರಿ ಜೋಯಿಸರೇ. ಬಿಡ್ತಾ ಇದೀನಿ."

"ಮುಳ್ಳು?"

"ಬಾಗಿಲು ನನ್ನ ಜೊತೆ ಬರ್ತಿದೆ. ಮುಳ್ಳು ನಿಮ್ಮ ಹತ್ರನೇ ಇರಲಿ."

ಜೋಯಿಸನ ಬಾಯಿ ಅಷ್ಟಗಲ ತೆರೆದದ್ದು ಆಮೇಲೆ ಪೂರ್ತಿ ಮುಚ್ಚಲೇ ಇಲ್ಲ. ಆ ಸಿಟ್ಟಿಗೆ ಈಗಲೂ ಮಳೆಗಾಲದಲ್ಲಿ ವಟಗುಟ್ಟುತ್ತಾನೆ.

"ಒಬ್ಬಳೇ ಹೋಗ್ತೀಯಾ? ನಾನೂ ಬರ್ಲಾ?" ಗೊದ್ದಕ್ಕ ಕೇಳಿದಳು.

"ಬೇಡ ಅಕ್ಕ. ನೀನು ಬಂದ್ರೆ ನನ್ನನ್ನ ಸಮಾಧಾನ ಮಾಡ್ತಾ ಇರ್ತೀಯ. ಸಮಾಧಾನ ಆಯ್ತು ಅಂತ ನಾನು ನಿನಗೆ ಹೇಳ್ತಾ ಇರಬೇಕು."

ಗೊದ್ದಕ್ಕನಿಗೆ ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ ಅದೂ ನಿಜವೇ ಅನ್ನಿಸಿತು. "ಅವನೇನಾದ್ರೂ ಬಂದ್ರೆ?" ಅಂದಳು.

"ಎಳೆ ಹಾಕ್ಕೊಂಡು ಹೋಗ್ತೀನಿ."

ಮನೆ ಮುಂದೆ ರಂಗೋಲಿ ಎಳೆ ಹಾಕುವುದು ತಂಪವ್ವನ ಅಭ್ಯಾಸ. ಈಗ ಮನೆಯೇ ನಡೆಯುತ್ತಿದೆ, ಎಳೆಯೂ ಜೊತೆಗೆ ನಡೆಯಬೇಕಲ್ಲ. ಹುಲ್ಲಿನ ಮೇಲೆ, ಕಲ್ಲಿನ ಮೇಲೆ, ತರಗೆಲೆಯ ಮೇಲೆ ಒಂದೇ ಬೆಳ್ಳಿ ಎಳೆ ಎಳೆಯುತ್ತ ಅವಳು ಗುಡ್ಡ ಹತ್ತತೊಡಗಿದಳು. ಅವರು ಬಂದರೆ ಈ ಎಳೆ ಹಿಡಿದು ಬರುತ್ತಾರೆ. ಅಷ್ಟು ನಂಬಿಕೆ ಇದ್ದದ್ದರಿಂದಲೇ ಹೆಜ್ಜೆ ಕಿತ್ತಿಟ್ಟಳು.

ಬಿಸಿಲಲ್ಲಿ ನಡೆಯಲಿಲ್ಲ. ಸೂರ್ಯನ ಜೊತೆ ಅವಳು ಮಾತು ಬಿಟ್ಟಿದ್ದಳು. ನಸುಕಿನಲ್ಲಿ ನಡೆದಳು, ಮೋಡ ಕವಿದಾಗ ನಡೆದಳು. ಸೂರ್ಯ ಬಂದ ಕೂಡಲೇ ಕಲ್ಲಿನ ಸಂದಿಗೆ ಸರಿದು ಬಾಗಿಲು ಹಾಕಿಕೊಂಡಳು.

ದಾರಿಯಲ್ಲಿ ಒಂದು ತೊರೆ ಸಿಕ್ಕಿತು. ಹೇಗಿದ್ದೀಯಾ ಅಂತ ಅದು ಕೇಳಲಿಲ್ಲ. ಅದಕ್ಕೆ ತನ್ನ ಮಾತೇ ಮುಗಿಯದು, ಯಾವ ಕಲ್ಲು ತನ್ನ ಕಾಲಿಗೆ ಅಡ್ಡ ಬಂತು, ಯಾವ ಮೀನು ಕಚಗುಳಿ ಇಟ್ಟಿತು ಅಂತ ಹೇಳುತ್ತಲೇ ಹೋಯಿತು. ತಂಪವ್ವ ಬಹಳ ಹೊತ್ತು ಕೇಳಿಸಿಕೊಂಡಳು. ತನ್ನ ವಿಷಯ ಎತ್ತದ ಮಾತು ಅವಳಿಗೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ.

ಇನ್ನೂ ಮೇಲೆ ಗಾಳಿ ಸಿಕ್ಕಿತು. "ಎಲ್ಲಿಗೆ?"

"ಗುಡ್ಡದ ಆಚೆ."

"ಏನಿದೆ ಅಲ್ಲಿ?"

"ಗೊತ್ತಿಲ್ಲ."

"ಯಾವಾಗ ಸೇರ್ತೀಯಾ?"

"ಗೊತ್ತಿಲ್ಲ."

"ಒಳ್ಳೇದು. ನಾನೂ ಹಂಗೇ" ಅಂತ ಗಾಳಿ ತನ್ನ ದಾರಿ ಹಿಡಿಯಿತು.

ಬಸವನಹುಳು ನಿಧಾನ ಯಾಕೆ ಅಂದರೆ ಹೊರೆ ಭಾರ ಅಂತ ಜನ ಹೇಳುತ್ತಾರೆ. ಅದು ಸುಳ್ಳು. ಪಾಚಿ ಹೂ ಬಿಟ್ಟ ಕಲ್ಲು ಕಂಡರೆ ನಿಂತಳು, ಇದನ್ನು ಅವರು ನೋಡಬೇಕಿತ್ತು ಅಂತ. ಜೇಡ ಬಲೆ ನೇಯುವುದು ಕಂಡರೆ ನಿಂತಳು, ಇದನ್ನು ಅವರು ನೋಡಿದ್ದರೆ ಇಲ್ಲೇ ಕೂತುಬಿಡುತ್ತಿದ್ದರು ಅಂತ. ಹೀಗೆ ನಿಂತು ನಿಂತು ನಡೆದರೆ ಯಾರಾದರೂ ನಿಧಾನವೇ.

ಕೊನೆಗೊಂದು ಮುಂಜಾನೆ ಗುಡ್ಡದ ತುದಿ ಮುಟ್ಟಿದಳು. ಆಗಿನ ಗುಡ್ಡ ಈಗಿನದಕ್ಕಿಂತ ಮೂರು ಪಟ್ಟು ಎತ್ತರ ಅಂತ ಕಪ್ಪೆ ಹೇಳುತ್ತದೆ. ಎರಡು ಪಟ್ಟು ಅಂತ ಇಟ್ಟುಕೊಳ್ಳೋಣ. ತಂಪವ್ವ ಉಸಿರು ಬಿಟ್ಟು ಹಿಂದೆ ತಿರುಗಿ ನೋಡಿದಳು.

ಎಳೆ ಇರಲಿಲ್ಲ. ಕಾಲ ಬುಡದಲ್ಲಿ ಒಂದಿಷ್ಟು ಹೊಳೆಯುತ್ತಿತ್ತು, ಅಷ್ಟೇ. ಉಳಿದದ್ದನ್ನು ಬಿಸಿಲು ಒಣಗಿಸಿತ್ತು, ಗಾಳಿ ಎಬ್ಬಿಸಿಕೊಂಡು ಹೋಗಿತ್ತು.

"ಇನ್ನು ಅವರು ಹೇಗೆ ಬರ್ತಾರೆ?" ಅಂದಳು. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ವಾಪಸು ಇಳಿದುಬಿಡೋಣ, ಮನೆಯನ್ನು ಇದ್ದಲ್ಲೇ ಇಟ್ಟುಬಿಡೋಣ, ಮುಳ್ಳು ಹಾಕಿದರೆ ಹಾಕಲಿ, ಬಾಗಿಲಲ್ಲೇ ಕೂತಿರೋಣ ಅನ್ನಿಸಿತು. ಇಳಿಯಲಿಕ್ಕೆ ತಿರುಗಿಯೂ ಬಿಟ್ಟಳು.

ಅಷ್ಟರಲ್ಲಿ ಸೂರ್ಯ ಗುಡ್ಡದ ಅಂಚಿನಿಂದ ತಲೆ ಎತ್ತಿದ. ಅವಳನ್ನು ಕಂಡು ಮುಖ ಕೆಂಪಾಯಿತು. "ಅವ್ವಾ, ನನಗೆ ಗೊತ್ತಾಗಲಿಲ್ಲ" ಅಂದ.

ತಂಪವ್ವ ಅವನಿಗೆ ಬೆನ್ನು ತಿರುಗಿಸಿದಳು. ಮನೆಯೊಳಗೆ ಹೋದಳು. ಒಂದು ಸುತ್ತು ದಾಟಿದಳು, ಎರಡು ಸುತ್ತು ದಾಟಿದಳು, ಕತ್ತಲೆಯಲ್ಲಿ ಒಳಗೆ, ಇನ್ನೂ ಒಳಗೆ, ಮೊದಲಿನ ಕೋಣೆಯವರೆಗೂ ಹೋಗಿ ಬೆನ್ನೊತ್ತಿ ಕೂತಳು. ಸುತ್ತಯ್ಯ ಹೋದ ಮೇಲೆ ಅವನೊಂದಿಗೆ ಒಂದು ಮಾತನ್ನೂ ಆಡಿರಲಿಲ್ಲ. ಈಗ ಆಡಿದಳು.

"ಬರ್ತೀನಿ ಅಂದ್ರಿ. ದಾರಿಗೆ ಎಳೆ ಹಾಕಿದ್ದೆ. ಅದೂ ಅಳಿಸಿಹೋಯ್ತು ಕಣ್ರೀ."

ಗೋಡೆಯ ಸುತ್ತುಗಳಲ್ಲಿ ಊಂ ಊಂ ಅನ್ನುವ ದನಿ ಕೇಳಿತು. ತಲೆಯೂ ಇಲ್ಲ, ಬಾಲವೂ ಇಲ್ಲ. ಅದು ಬಾಗಿಲಲ್ಲಿ ಸುಳಿದ ಗಾಳಿ ಅಂತ ಕಪ್ಪೆ ಹೇಳುತ್ತದೆ. ಕಪ್ಪೆ ಏನೇನೋ ಹೇಳುತ್ತದೆ. ತಂಪವ್ವನ ಬೆನ್ನಿಗೆ ಮಾತ್ರ ಆ ಗೋಡೆ ಯಾರೋ ಅಂಗೈ ಇಟ್ಟ ಹಾಗೆ ಹೊಂದಿ ಕೂತಿತ್ತು. ಅವಳು ಅತ್ತಳು. ತುಂಬ ಹೊತ್ತು ಅತ್ತಳು. ದಾರಿಯಲ್ಲಿ ಬರಬೇಕಾದವರು ಮನೆಯಲ್ಲೇ ಇದ್ದರು.

ಹೊರಗೆ ಬಂದಾಗ ಸೂರ್ಯ ಮೋಡವನ್ನು ಮುಖಕ್ಕೆ ಎಳೆದುಕೊಂಡಿದ್ದ. ತಂಪವ್ವ ಗುಡ್ಡದ ಆಚೆಗೆ ಇಳಿದಳು.

ಆಚೆ ಒಂದು ಕುಂಟೆ. ಕುಂಟೆಯಲ್ಲಿ ಒಂದು ಕಪ್ಪೆ.

"ಎಲ್ಲಿಂದ ಬಂದೆ?" ಅಂತ ಆ ಕಪ್ಪೆ ಗತ್ತಿನಿಂದ ಕೇಳಿತು.

"ಗುಡ್ಡದ ಆ ಕಡೆಯಿಂದ."

"ಸುಳ್ಳು ಯಾಕೆ ಹೇಳ್ತೀಯಾ? ಆ ಕಡೆ ಏನೂ ಇಲ್ಲ. ಆಕಾಶ ಬಂದು ನೆಲಕ್ಕೆ ತಾಗಿಬಿಡುತ್ತೆ. ನಾನೇ ಕಣ್ಣಾರೆ ಕಂಡಿದೀನಿ."

ತಂಪವ್ವನಿಗೆ ನಗು ಬಂತು. ಕಿಟಕಿಯ ಮಾತಿಗೆ ನಕ್ಕಳಲ್ಲ, ಅಂಥದೇ ನಗು. ನಕ್ಕು ನಕ್ಕು ಹಸಿವೂ ಆಯಿತು. ದಡದಲ್ಲಿ ಹೊನಗೊನೆ ಸೊಪ್ಪು ಬೆಳೆದಿತ್ತು, ಎಲೆಯ ತುಂಬ ಇಬ್ಬನಿ. ಒಂದು ಚಿಗುರು ಬಾಯಿಗೆ ಹಾಕಿಕೊಂಡಳು.

ರುಚಿಯಾಗಿತ್ತು.

ಅವಳಿಗೆ ಗಾಬರಿಯಾಯಿತು. ಅವರಿಲ್ಲದೆ ನನಗೆ ರುಚಿ ಹತ್ತಿತಲ್ಲ ಅಂತ ನಾಚಿಕೆಯಾಯಿತು. ಕೋಡು ಮಡಿಸಿ, ತಲೆ ಬಗ್ಗಿಸಿ, ಸರಸರ ಒಳಗೆ ಓಡಿದಳು. ಬಸವನಹುಳು ಅಷ್ಟು ಬೇಗ ಮಾಡುವ ಕೆಲಸ ಅದೊಂದೇ.

"ರೀ, ಗುಡ್ಡದ ಆಚೆ ಏನಿದೆ ಗೊತ್ತಾ? ಇನ್ನೊಂದು ಕುಂಟೆ. ಇನ್ನೊಂದು ಕಪ್ಪೆ, ಅದೂ ನಮ್ಮದರ ಹಾಗೇ ಸುಳ್ಳ. ಹೊನಗೊನೆ ಮಾತ್ರ ನಮ್ಮ ಕಡೆಗಿಂತ ಚೆನ್ನಾಗಿದೆ. ನೀವು ಕೇಳಿದ್ರೆ ಬೇಜಾರು ಮಾಡ್ಕೋತೀರಿ, ಆದ್ರೆ ಚೆನ್ನಾಗಿದೆ."

ಹೇಳಿ ಆದ ಮೇಲೆ ಎದೆ ಹಗುರಾಯಿತು. ಮೆಲ್ಲಗೆ ತಲೆ ಹೊರಗೆ ಹಾಕಿದಳು, ಒಂದು ಕೋಡು ಚಾಚಿದಳು, ಇನ್ನೊಂದು ಕೋಡು ಚಾಚಿದಳು, ಉಳಿದ ಚಿಗುರನ್ನು ತಿಂದಳು.

ಆರು ತಿಂಗಳು ಮುಗಿದದ್ದು ಅವಳ ಗಮನಕ್ಕೆ ಬರಲಿಲ್ಲ. ಮುಂದೆ ಇನ್ನೊಂದು ಗುಡ್ಡವಿತ್ತು. ಹೋದಲ್ಲೆಲ್ಲ ಎಳೆ ಹಾಕುತ್ತಲೇ ಹೋದಳು. ಯಾರೂ ಹಿಂದೆ ಬರಲಿಕ್ಕಿಲ್ಲ ಅಂತ ಈಗ ಗೊತ್ತಿತ್ತು, ಆದರೂ ಇಬ್ಬರೂ ಸೇರಿ ಎಲ್ಲೆಲ್ಲಿಗೆ ಹೋಗಿದ್ದೆವು ಅನ್ನುವುದಕ್ಕೆ ಒಂದು ಗುರುತು ಬೇಡವೇ? ಅವಳನ್ನು ಕಂಡ ಬೇರೆ ಬಸವನಹುಳುಗಳೂ ತಮ್ಮ ತಮ್ಮ ಮನೆ ಹೊತ್ತು ಹೊರಟವು. ಬೆಳೆದಂತೆಲ್ಲ ಅವೂ "ಇದೊಂದು ಸುತ್ತು" ಅಂತ ಸೇರಿಸುತ್ತವೆ. ಕಿಟಕಿಯನ್ನು ಇವತ್ತಿನವರೆಗೂ ಯಾವುದೂ ಇಟ್ಟಿಲ್ಲ. ಸೂರ್ಯನ ಜೊತೆ ಇನ್ನೂ ಮಾತಿಲ್ಲ.

ಅದಕ್ಕೇ ಮಗು, ಮಳೆ ನಿಂತ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲೆ ಬೆಳ್ಳಿ ಎಳೆ ಕಂಡು, ಅದರ ತುದಿಯಲ್ಲಿ ಬಸವನಹುಳು ಕಂಡು, ನೀನು ಬೆರಳು ತಾಗಿಸಿದ ಕೂಡಲೇ ಅದು ಕೋಡು ಮಡಿಸಿ ಒಳಗೆ ಹೋದರೆ, ಹೆದರಿತು ಅಂತ ನಗಬೇಡ, ಎತ್ತಿ ಬೇರೆ ಕಡೆ ಇಡಲೂ ಬೇಡ, ಒಂದು ಗಳಿಗೆ ಸುಮ್ಮನೆ ಕೂತಿರು: "ರೀ, ಹೊರಗೆ ಯಾರೋ ಒಂದು ಮಗು ಬಂದಿದೆ" ಅಂತ ಹೇಳಿ ಬರೋಕೆ ಹೋಗಿದಾಳೆ, ಬರ್ತಾಳೆ.