ಕೌದಿಯ ಹೊಟ್ಟೆ

“ಅಕ್ಕಾರ, ಇಷ್ಟು ಬೋಳು ಪುಟ ತೋರಿಸಿದರೆ ಜನ ನಗೋದಿಲ್ಲೇನ್ರೀ?” ಎಂದು ದಾನಮ್ಮ ಕೇಳಿದಳು.

ಸುಗಲಕ್ಕ ಊರಿನ ಹೆಂಗಸರಿಗೆ ವೆಬ್ ಪುಟ ಕಟ್ಟುವುದನ್ನು ಕಲಿಸುವವರು. ದಾನಮ್ಮ ಅವರ ಶಿಷ್ಯೆ. ಚಟ್ನಿಪುಡಿ ಮಾಡುವ ತನ್ನ ಸಂಘಕ್ಕೆಂದು ಅವಳು ಒಂದು ಪುಟ ಬರೆದಿದ್ದಳು. ಎಲ್ಲಕ್ಕೂ ಹೊರಗೆ ಒಂದು ಟ್ಯಾಗ್, ಅಂದರೆ ಪುಟದ ಭಾಗ ಎಲ್ಲಿ ತೆರೆದು ಎಲ್ಲಿ ಮುಚ್ಚುತ್ತದೆ ಎಂದು ತೋರಿಸುವ ಗುರುತು. ಅದರೊಳಗೆ ತಲೆ, ತಲೆಯ ಕೆಳಗೆ ಒಡಲು. ತಲೆಯಲ್ಲಿ ಪುಟದ ಹೆಸರು. ಒಡಲಿನಲ್ಲಿ ಶೀರ್ಷಿಕೆ, ಗುರೆಳ್ಳನ್ನು ಹೇಗೆ ಹುರಿಯುತ್ತೇವೆ ಎಂಬ ಪ್ಯಾರಾ, ಒರಳಿನ ಮುಂದೆ ಕುಳಿತವರ ಫೋಟೊ, ಬೇಕಾದವರು ಒತ್ತಲು ಒಂದು ಲಿಂಕ್. ತೆರೆದ ಟ್ಯಾಗುಗಳನ್ನು ಗುರುಗಳು ಹೇಳಿದ ಹಾಗೆಯೇ ಮುಚ್ಚಿದ್ದಳು, ಒಳಗಿನದನ್ನು ಮೊದಲು, ಹೊರಗಿನದನ್ನು ಕೊನೆಗೆ. ಬಣ್ಣ ಹಾಕುವುದನ್ನು ಇನ್ನೂ ಕಲಿತಿರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ, ಅಷ್ಟೇ.

ಸಂಘದ ಅಧ್ಯಕ್ಷೆಯ ಅಳಿಯ ಅದನ್ನು ನೋಡಿ, “ಇದೇನು ವೆಬ್ ಪುಟವೋ, ರೇಷನ್ ಅಂಗಡಿ ಬೋರ್ಡೋ?” ಎಂದಿದ್ದ. ಅವನೇ ಹಿಂದಿನ ದಿನ ಪಟ್ಟಣದಿಂದ ಒಂದು ಸಿದ್ಧ ಪುಟ ತಂದಿದ್ದ. ಅದರಲ್ಲಿ ಹೂವುಗಳು ತೇಲುತ್ತಿದ್ದವು, ಯಾರೋ ಹೆಂಗಸರು ನಗುತ್ತಿದ್ದರು. ಸಂಜೆ ಸಂಘ ಸೇರಿ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

“ನನ್ನದನ್ನು ಅಳಿಸಿ, ಅವರ ಪುಟದ ಮೇಲೇ ನಮ್ಮ ಸಂಘದ ಹೆಸರು ಹಾಕಿಬಿಡಲೇನ್ರೀ? ಮರ್ಯಾದೆನಾದರೂ ಉಳೀತದ,” ಎಂದಳು ದಾನಮ್ಮ.

ಸುಗಲಕ್ಕ ಒಂದು ಕತೆ ಹೇಳಿದರು.

ಒಬ್ಬ ತಾಯಿ ತನ್ನ ಮಗುವಿಗೆ ಕೌದಿ ಹೊಲಿಯುತ್ತಿದ್ದಳು. ತನ್ನ ಹಳೆಯ ಸೀರೆ, ಅತ್ತೆಯ ಸೀರೆ, ಗಂಡನ ಧೋತರ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಹೊಲಿದಳು. ಆ ಊರಿನಲ್ಲಿ ಕೌದಿಗೂ ಹೊಟ್ಟೆಯಿದೆ ಎಂದು ನಂಬುತ್ತಿದ್ದರು. ಕೊನೆಯ ಹೊಲಿಗೆ ಹಾಕುವ ಮುಂಚೆ ಅದರ ಬಾಯೊಳಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಿದ್ದರು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡದು ಎನ್ನುತ್ತಿದ್ದರು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಒಬ್ಬ ವ್ಯಾಪಾರಿ ಬಾಗಿಲಿಗೆ ಬಂದ.

“ಈ ಚಿಂದಿ ಹಾಸಿ ಮಗನನ್ನು ಮಲಗಿಸ್ತೀಯೇನವ್ವ? ಬಂದವರೆಲ್ಲ ಮೂಗು ಮುರೀತಾರ,” ಎಂದು ಹೂವಿನ ರಜಾಯಿಯೊಂದನ್ನು ಹರವಿದ. ತಾಯಿಗೆ ನಾಚಿಕೆಯಾಯಿತು. ತನ್ನ ಕೌದಿಯನ್ನು ಮೂಲೆಗೆ ಸರಿಸಿದಳು.

ಅತ್ತೆ ಅಕ್ಕಿ ಕಾಳು ಹಿಡಿದು ಬಂದಳು. ರಜಾಯಿಯನ್ನು ಅತ್ತಿತ್ತ ತಿರುವಿದಳು. ನಾಲ್ಕೂ ಕಡೆ ಹೊಲಿಗೆ ಬಿದ್ದಿತ್ತು.

“ಇದಕ್ಕ ಎಲ್ಲಿಂದ ಉಣಿಸೋದಪ್ಪ?”

“ಉಣಿಸೋದು ಯಾಕಬೇ ಮುದುಕಿ, ಹೂವು ನೋಡು.”

ಅತ್ತೆಗೆ ಹಾಗೆಂದದ್ದು ತಾಯಿಗೆ ಸೇರಲಿಲ್ಲ. ಕತ್ತರಿ ತಂದು ರಜಾಯಿಯ ಒಂದು ಮಗ್ಗುಲು ಬಿಚ್ಚಿದಳು. ಎರಡು ಬಟ್ಟೆಯ ನಡುವೆ ರದ್ದಿ ಕಾಗದ ಸರಬರ ಎಂದಿತು. ಅವಳು ಅದನ್ನು ಸುತ್ತಿ ವ್ಯಾಪಾರಿಯ ಕೈಗಿಟ್ಟಳು.

“ನಿಮ್ಮ ಮನೆ ತೊಟ್ಟಿಲಿಗೆ ಹಾಸ್ರಿ. ನನ್ನ ಮಗ ಹೂವು ಹೊದ್ದು ಮಲಗೋದಿಲ್ಲ.”

ಮೂಲೆಯಲ್ಲಿದ್ದ ಕೌದಿಯನ್ನು ಎಳೆದುಕೊಂಡಳು. ಅತ್ತೆ ಅಕ್ಕಿ ಹಾಕಿದಳು. ತಾಯಿ ಬಾಯಿ ಹೊಲಿದಳು. ತೊಟ್ಟಿಲಿಗೆ ಅದನ್ನೇ ಹಾಸಿದಳು.

ಕತೆ ಅಲ್ಲಿಗೆ ನಿಂತಿತು.

ದಾನಮ್ಮ ಅಳಿಯ ತಂದ ಪುಟವನ್ನು ಮತ್ತೊಮ್ಮೆ ತೆರೆದಳು. ಹೂವುಗಳನ್ನು ದಾಟಿ, ನಗುವ ಹೆಂಗಸರನ್ನು ದಾಟಿ ಕೆಳಗೆ ಹೋದಳು. ಒಡಲಿನ ನಡುವೆ ಒಂದೇ ಸಾಲಿತ್ತು: ‘ನಿಮ್ಮ ವಿಷಯವನ್ನು ಇಲ್ಲಿ ಬರೆಯಿರಿ.’ ನಿನ್ನೆಯಿಂದ ಅದು ಅಲ್ಲೇ ಇತ್ತು. ಹೂವು ನೋಡಿದವರಾರೂ ಅದನ್ನು ಓದಿರಲಿಲ್ಲ, ಅವಳೂ ಓದಿರಲಿಲ್ಲ.

ಅವಳು ಆ ಪುಟವನ್ನು ಮುಚ್ಚಿ ತನ್ನದನ್ನು ತೆರೆದಳು. ಸಂಘಕ್ಕೆ ಹೊರಡಲು ಎದ್ದಳು. ಆದರೂ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು.

“ಅಕ್ಕಾರ, ತೊಟ್ಟಿಲಿಗೆ ಬಂದವರು ಆ ಕೌದಿ ನೋಡಿ ನಗಲಿಲ್ಲೇನ್ರೀ?”

“ನಕ್ಕರು, ಮಗುವಿಗೆ ಎಚ್ಚರವಾಗಲಿಲ್ಲ.”