ಖಾಲಿಯಾಗಿ ಬಂದ ಡಿಸ್ಕ್

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನಾವು ಎದೆ ಬಿಚ್ಚಿ ಗೋಳು ಹೇಳಿಕೊಂಡರೂ ಕಲ್ಲಿನ ಹಾಗೆ ಕೂತಿರುವ ಜನ ಇದ್ದಾರೆ. ಅವರು ಎಲ್ಲಿಂದ ಬರುತ್ತಾರೆ? ಹುಟ್ಟುವಾಗಲೇ ಹಾಗಿರುತ್ತಾರೆಯೇ?"

"ಕೇಳು," ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೊಸ ಪಾತ್ರೆ ಮಾರುವುದು, ಹಳೆಯದನ್ನು ಕೊಳ್ಳುವುದು ಅವನ ಕಸುಬು. ಹಳೆಯ ಬಿಂದಿಗೆ, ಕೊಳಗಗಳ ಮೇಲೆ ಕೊಟ್ಟವರ ಹೆಸರು ಕೊರೆಸಿರುತ್ತಾರಲ್ಲ, ಅದನ್ನು ಉಜ್ಜಿ ನುಣುಪು ಮಾಡಿ ಮತ್ತೆ ಮಾರುತ್ತಿದ್ದ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸುಳ್ಳಿಲ್ಲ. ನೇರ ಮನುಷ್ಯ.

ಅವನ ಹೆಂಡತಿ ಸೋಬಾನೆ ಹಾಡುವುದರಲ್ಲಿ ಹೆಸರಾದವಳು. ತನ್ನ ಕಾಯಿಲೆ ವಾಸಿಯಾಗುವುದಿಲ್ಲವೆಂದು ತಿಳಿದಾಗ ಆಕೆ ಅಳುತ್ತ ಕೂರಲಿಲ್ಲ. ಮಗಳ ಮದುವೆಗೆ ಬೇಕಾಗುವ ಹಾಡುಗಳನ್ನೆಲ್ಲ, ಅರಿಶಿನದಿಂದ ಹಿಡಿದು ಹೊಸಿಲು ದಾಟಿಸುವವರೆಗೆ, ಒಂದೊಂದಾಗಿ ಹಾಡಿದಳು. ಅಂಗಡಿಯ ಬಿಲ್ಲುಗಳನ್ನು ಇಡುತ್ತಿದ್ದ, ಕಂಪ್ಯೂಟರಿಗೆ ಸಿಕ್ಕಿಸುವ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಅವನ್ನು ತುಂಬಿಸಿಟ್ಟಳು. "ನನ್ನ ಮಗಳನ್ನು ಹೊಸಿಲು ದಾಟಿಸುವವಳು ನಾನೇ," ಎಂದು ಹೇಳಿ ಕಣ್ಣು ಮುಚ್ಚಿದಳು.

ಮಗಳಿಗೆ ಗಂಡು ಗೊತ್ತಾಯಿತು. ವ್ಯಾಪಾರಿ ಡಿಸ್ಕನ್ನು ಸಿಕ್ಕಿಸಿದ. ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದ ಹಾಗೆ ಸದ್ದಾಯಿತು. ಹಾಡು ಬರಲಿಲ್ಲ.

ಅವನು ಡಿಸ್ಕ್ ಮಾಡಿದ ಕಂಪನಿಗೆ ಫೋನ್ ಮಾಡಿದ. ಒಬ್ಬ ಹುಡುಗಿಯ ದನಿ ಉತ್ತರಿಸಿತು.

"ಗ್ಯಾರಂಟಿ ಇದೆ ಸರ್. ಕಳಿಸಿಕೊಡಿ, ಬೇರೆಯದು ಕೊಡುತ್ತೇವೆ."

"ಬೇರೆಯದು ಯಾರಿಗೆ ಬೇಕಮ್ಮಾ? ಅದರಲ್ಲಿ ನನ್ನ ಹೆಂಡತಿಯ ದನಿ ಇದೆ. ಅದನ್ನೇ ಸರಿಮಾಡಿ ಕೊಡಿ."

"ಬರೆದುಕೊಂಡಿದ್ದೇನೆ ಸರ್."

ನಂಬಿ ಕಳಿಸಿದ. ಬಂದದ್ದು ಬೇರೆಯದು. ಮತ್ತೆ ಫೋನ್ ಮಾಡಿದ. ಅದೇ ದನಿ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಜೇನು ಸವರಿದ ಹಾಗಿತ್ತು.

"ನಮ್ಮ ಪಾಲಿಗೆ ಅದು ಖಾಲಿ ಡಿಸ್ಕ್, ಸರ್. ಒಳಗಿದ್ದದ್ದರ ಬಗ್ಗೆ ನಮಗೆ ಗೊತ್ತಿಲ್ಲ."

"ನೀವೆಲ್ಲ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರಾ, ಕಾರ್ಖಾನೆಯಲ್ಲಿ ಹುಟ್ಟಿದವರಾ?" ಎಂದು ವ್ಯಾಪಾರಿ ಕೂಗಾಡಿದ.

"ಇನ್ನೇನಾದರೂ ಬೇಕಿತ್ತಾ ಸರ್?" ಎಂದಿತು ದನಿ.

ಅವತ್ತು ದೀಪ ಹಚ್ಚುವ ಹೊತ್ತಿಗೆ, ಹಾಳಾಗಿ ಹೋಗಲಿ ಎಂದುಕೊಂಡು, ಬಂದಿದ್ದ ಡಿಸ್ಕನ್ನು ಸಿಕ್ಕಿಸಿದ. ಅದು ಖಾಲಿ ಇರಲಿಲ್ಲ. ಯಾರೋ ಕೆಟ್ಟಿತೆಂದು ಕೊಟ್ಟದ್ದನ್ನು ಕಂಪನಿಯವರು ರಿಪೇರಿ ಮಾಡಿ, ಒಳಗೆ ಏನಿದೆಯೆಂದು ನೋಡದೆ ಇವನಿಗೆ ಕಳಿಸಿದ್ದರು. ಅದರಲ್ಲಿ ಒಂದು ಮಗುವಿನ ದನಿ ಇತ್ತು. ಕಣ್ಣಾಮುಚ್ಚಾಲೆ ಆಡುವ ಮಗು. ಒಂದು, ಎರಡು, ಮೂರು ಎಂದು ಎಣಿಸುತ್ತಿತ್ತು. ಹತ್ತು ಮುಟ್ಟಿದ ಮೇಲೆ ಕೇಳುತ್ತಿತ್ತು: "ಬರ್ಲಾ?"

ಆಮೇಲೆ ನಿಶ್ಶಬ್ದ.

ವ್ಯಾಪಾರಿ ಅದನ್ನು ಮತ್ತೊಮ್ಮೆ ಹಾಕಿದ. ಮಗು ಎಣಿಸಿತು. "ಬರ್ಲಾ?" ಎಂದಿತು. ಬಾಗಿಲಲ್ಲಿ ನಿಂತಿದ್ದ ಮಗಳು, ಯಾರೋ ಕರೆದರೆ ಓಗೊಡುವ ಹಾಗೆ, "ಬಾ ಕಂದಾ," ಎಂದುಬಿಟ್ಟಳು.

ಪುಟ್ಟ ಹೆಜ್ಜೆಗಳ ಸದ್ದು ಕೇಳಿಸಿತು. ಹತ್ತಿರ ಬಂತು. ನಿಂತಿತು.

ಡಿಸ್ಕಿನಲ್ಲೇ ಇದ್ದ ಸದ್ದು ಅದು, ಎಂದು ವ್ಯಾಪಾರಿ ತನಗೆ ತಾನೇ ಹೇಳಿಕೊಂಡ. ಮೊದಲ ಸಲ ಹಾಕಿದಾಗ ಅದು ಇತ್ತೇ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಮೂರನೆಯ ಸಲ ಹಾಕಿ ನೋಡುವ ಧೈರ್ಯವಾಗಲಿಲ್ಲ. ಅವನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ.

"ಅಪ್ಪಾ, ಬೇಡ. ಯಾವ ತಾಯಿಯ ಮಗುವೋ ಏನೋ. ಇರಲಿ ಬಿಡಿ," ಎಂದಳು ಮಗಳು.

"ನಮ್ಮದನ್ನು ಯಾರು ಇರಗೊಟ್ಟರು? ಹಳೆಯ ಬಿಂದಿಗೆಯ ಮೇಲಿನ ಹೆಸರನ್ನು ನಾನು ಯಾರನ್ನಾದರೂ ಕೇಳಿ ಉಜ್ಜುತ್ತೇನೇನೇ?"

ಬೆರಳು ಒತ್ತಿತು. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡ, ಹಿತ್ತಾಳೆಯ ಪುಡಿ ಅಂಟಿದೆಯೇನೋ ಎನ್ನುವ ಹಾಗೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಫೋನ್ ಬಂತು. ಗುರುತಿಲ್ಲದ ಹೆಂಗಸು.

"ಪಾತ್ರೆ ಅಂಗಡಿ ಅಣ್ಣಾವ್ರಾ? ಕಂಪನಿಯವರು ನನಗೊಂದು ಡಿಸ್ಕ್ ಕಳಿಸಿದ್ದಾರೆ. ಅದರಲ್ಲಿ ನಿಮ್ಮ ಅಂಗಡಿಯ ಬಿಲ್ಲಿತ್ತು, ಬಿಲ್ಲಿನಲ್ಲಿ ಈ ನಂಬರಿತ್ತು. ಸೋಬಾನೆ ಹಾಡಿರುವ ತಾಯಿ ನಿಮಗೇನಾಗಬೇಕು?"

ವ್ಯಾಪಾರಿ ಕೈಯಲ್ಲಿದ್ದ ಬೀಗವನ್ನು ಕೆಳಗಿಟ್ಟ. "ನನ್ನ ಹೆಂಡತಿ," ಎಂದ.

"ಅಂದುಕೊಂಡೆ. ನಡುನಡುವೆ 'ಮಗಳೇ, ಇದು ಧಾರೆಗೆ, ಇದು ಹೊಸಿಲಿಗೆ' ಅಂತ ಹೇಳುತ್ತಾರೆ. ಕೇಳಿ ಅತ್ತುಬಿಟ್ಟೆ ಅಣ್ಣಾ. ಕಂಪನಿಯವರು ಅಳಿಸಿ ಬಳಸಿ ಅಂದರು. ನನ್ನ ಕೈ ಬರಲಿಲ್ಲ. ಹಾಗೇ ಇದೆ. ಇವತ್ತೇ ಕಳಿಸುತ್ತೇನೆ."

ದೇವರು ದೊಡ್ಡವನು ಎನ್ನಲು ವ್ಯಾಪಾರಿ ಹೊರಟ. ಅಷ್ಟರಲ್ಲಿ ಆಕೆಯೇ ಮಾತು ಮುಂದುವರಿಸಿದಳು. ದನಿ ತಗ್ಗಿತ್ತು.

"ನಾನೂ ಒಂದು ಕಳಿಸಿದ್ದೆ. ನಿಮ್ಮದು ನನಗೆ ಬಂದಿದೆ ಅಂದ ಮೇಲೆ ನನ್ನದೂ ಯಾರಿಗೋ ಹೋಗಿರಬೇಕಲ್ಲ? ನನ್ನ ಮಗು ಈಗಿಲ್ಲ ಅಣ್ಣಾ. ಎಣಿಸಿ 'ಬರ್ಲಾ' ಅಂತ ಕೇಳುತ್ತೆ, ಅಷ್ಟೇ ನನಗೆ ಉಳಿದದ್ದು. ನಿಮಗೆ ಬಂದದ್ದರಲ್ಲಿ ಏನಾದರೂ ಇತ್ತಾ?"

ಅಂಗಡಿಯ ಪಾತ್ರೆಗಳೆಲ್ಲ ಹೊಳೆಯುತ್ತಿದ್ದವು. ಒಂದರ ಮೇಲೂ ಹೆಸರಿರಲಿಲ್ಲ.

"ನಮಗೆ ಬಂದದ್ದು ಖಾಲಿ ಡಿಸ್ಕ್, ತಾಯಿ," ಎಂದ ವ್ಯಾಪಾರಿ. "ಒಳಗಿದ್ದದ್ದರ ಬಗ್ಗೆ ನಮಗೆ ಗೊತ್ತಿಲ್ಲ."

ತನ್ನ ದನಿ ತನಗೇ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಜೇನು ಸವರಿದ ಹಾಗಿತ್ತು. ಆಕೆ ಮಾತಾಡಲಿಲ್ಲ. ಆ ಮೌನವನ್ನು ತಾಳಲಾರದೆ ಅವನ ನಾಲಿಗೆ ತಾನಾಗಿಯೇ ಹೊರಳಿತು:

"ಇನ್ನೇನಾದರೂ ಬೇಕಿತ್ತಾ ತಾಯಿ?"

"ಏನೂ ಇಲ್ಲ ಅಣ್ಣಾ. ನಿಮ್ಮದಾದರೂ ಮನೆ ಸೇರಲಿ. ಮದುವೆ ಚೆನ್ನಾಗಿ ಆಗಲಿ."

ಡಿಸ್ಕ್ ಬಂತು. ಮದುವೆ ನಡೆಯಿತು. ಮದುಮಗಳು ತವರಿನ ಹೊಸಿಲು ದಾಟುವ ಹೊತ್ತಿಗೆ ತಾಯಿಯ ಹಾಡು ತೊಡಗಿತು. ನೆರೆದವರೆಲ್ಲ ಸೆರಗಿನಲ್ಲಿ, ಶಲ್ಯದಲ್ಲಿ ಕಣ್ಣೊರೆಸಿಕೊಂಡರು. ಒಂದು ನುಡಿ ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳಲು ತಾಯಿ ನಿಂತಳು. ಆ ನಿಲುಗಡೆಯಲ್ಲಿ, ಅಷ್ಟು ಜನರ ನಡುವೆ, ವ್ಯಾಪಾರಿಗೆ ಸ್ಪಷ್ಟವಾಗಿ ಕೇಳಿಸಿತು:

"ಬರ್ಲಾ?"

ಯಾರೂ ತಿರುಗಿ ನೋಡಲಿಲ್ಲ. ಮಗಳು ಮಾತ್ರ ಎತ್ತಿದ ಕಾಲನ್ನು ಹಾಗೇ ಹಿಡಿದು, ಹೊಸಿಲಿನ ಆಚೆಯಿಂದ ಒಳಬರುವ ಯಾರಿಗೋ ದಾರಿ ಬಿಡುವವಳಂತೆ ಪಕ್ಕಕ್ಕೆ ಸರಿದಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಾದ. ಕತೆ ಮುಂದುವರಿಯಲಿಲ್ಲ.

"ಕಲ್ಲಿನಂಥವರು ಎಲ್ಲಿಂದ ಬರುತ್ತಾರೆ ಎಂದು ಕೇಳಿದೆಯಲ್ಲ," ಎಂದರು ಗುರು, "ಈ ವ್ಯಾಪಾರಿಯ ಮನೆಗೆ ಆ ಕಲ್ಲಿನಂಥವನು ಯಾವ ಬಾಗಿಲಿನಿಂದ ಬಂದ, ನೋಡಿದೆಯಾ?"