ಸೀಟಿನ ಕೆಳಗಿನ ಬಣ್ಣ

ಹೊಳೆ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಓಂಕಾರಪ್ಪನೆಂಬ ಮೇಸ್ತ್ರಿ ಹಳೆಯ ಬೈಕುಗಳನ್ನು ಪೂರ್ತಿ ಬಿಚ್ಚಿ, ಗಿರಾಕಿ ಕೇಳಿದ ರೂಪಕ್ಕೆ ಮತ್ತೆ ಕಟ್ಟಿಕೊಡುತ್ತಿದ್ದರು. ಆರು ವರ್ಷದಿಂದ ಲೋಹಿತ ಅವರ ಶಿಷ್ಯ.

ಲೋಹಿತ ಮೊದಲ ಸಲ ತಾನೇ ನಿಂತು ಕಟ್ಟಿದ ಬೈಕು ಸ್ಟಾರ್ಟ್ ಆಗುತ್ತಿರಲಿಲ್ಲ.

ಬಟನ್ ಒತ್ತಿದರೆ ಸೀಟಿನ ಕೆಳಗೆ ಟಕ್ ಎಂದು ಒಂದು ಸದ್ದು. ಅಷ್ಟೇ. ಇಂಜಿನ್ನು ಅಲ್ಲಾಡುವುದಿಲ್ಲ. ಹೆಡ್‌ಲೈಟ್ ಮಾತ್ರ ಜೋರಾಗಿ ಉರಿಯುತ್ತದೆ.

ಅವನು ಬ್ಯಾಟರಿ ಬದಲಿಸಿದ. ರಿಲೇ ಬದಲಿಸಿದ. ಸ್ಟಾರ್ಟರ್ ಮೋಟರನ್ನೇ ಬಿಚ್ಚಿ ಹೊಸದು ಕೂರಿಸಿದ. ಮತ್ತೆ ಟಕ್.

ಓಂಕಾರಪ್ಪ ನೋಡುತ್ತಲೇ ಇದ್ದರು. ಕೇಳುವ ಮೊದಲೇ ಹೇಳುವುದು ಅವರ ರೀತಿಯಲ್ಲ.

ಇಪ್ಪತ್ತನೇ ದಿನ ಲೋಹಿತ ಅವರ ಮುಂದೆ ಬಂದು ನಿಂತ.

"ವೈರಿಂಗೇ ಸರಿಯಿಲ್ಲ ಗುರುಗಳೇ. ಪೂರ್ತಿ ಕಿತ್ತು ಹೊಸದಾಗಿ ಎಳೀತೀನಿ."

ಆ ವೈರಿಂಗ್ ಮಾಡಿದ್ದು ಗೌಸ್‌ಪೀರ್. ಮೂವತ್ತು ವರ್ಷದಿಂದ ಆ ಶೆಡ್ಡಿನಿಂದ ಹೊರಟ ಎಲ್ಲ ಗಾಡಿಗಳ ವೈರಿಂಗೂ ಅವರ ಕೈಯದೇ.

ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಬೈಕು ಒಪ್ಪಿಸುವ ದಿನ, ಗಿರಾಕಿಯ ಎದುರು, ವೈರಿಂಗ್ ಮಾಡಿದವರೇ ಬಟನ್ ಒತ್ತಬೇಕು. ಇಪ್ಪತ್ತು ದಿನದ ಹಿಂದೆ, ಈ ಬೈಕು ಒಪ್ಪಿಸುವ ದಿನ, ಗಿರಾಕಿ ಗೆಳೆಯರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಎಲ್ಲರೂ ಫೋನ್ ಹಿಡಿದು ನಿಂತಿದ್ದರು. ಗೌಸ್‌ಪೀರ್ ಕೈ ಒರೆಸಿಕೊಂಡು ಬಂದು ಬಟನ್ ಒತ್ತಿದರು. ಟಕ್. ಇನ್ನೊಮ್ಮೆ ಒತ್ತಿದರು. ಟಕ್.

ತಳ್ಳೋಕೆ ನಾಲ್ಕು ಜನರನ್ನೂ ಗಾಡಿ ಜೊತೆಗೇ ಕೊಡ್ತೀರಾ ಎಂದು ಗೆಳೆಯರಲ್ಲೊಬ್ಬ ಕೇಳಿದ. ಎಲ್ಲರೂ ನಕ್ಕರು.

ಆಗ ಲೋಹಿತ ಅಂದಿದ್ದ: "ಗೌಸಣ್ಣ, ಕಣ್ಣು ಕಾಣಿಸಲ್ಲ ಅಂತ ಮೊದಲೇ ಹೇಳಿದ್ರೆ ಬೇರೆಯವರ ಕೈಲಿ ಮಾಡಿಸ್ತಿದ್ದೆ."

ಗೌಸ್‌ಪೀರ್ ಇಕ್ಕಳ, ಟೇಪು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಈಗ ಓಂಕಾರಪ್ಪ ಮೂಲೆಯಲ್ಲಿದ್ದ ವೋಲ್ಟ್ ಮೀಟರು ತಂದು ಶಿಷ್ಯನ ಕೈಗಿಟ್ಟರು.

"ಇಷ್ಟು ದಿನದಲ್ಲಿ ಇದನ್ನ ಎಷ್ಟು ಸಲ ಹಿಡಿದೆ?"

"ಬ್ಯಾಟರಿಗೆ ಹಿಡಿದೆ. ಹನ್ನೆರಡೂವರೆ ವೋಲ್ಟು ಇದೆ."

"ಬಟನ್ ಒತ್ತಿಕೊಂಡು ಹಿಡಿದೆಯಾ?"

"ಇಲ್ಲ."

"ಸುಮ್ನೆ ಕೂತಾಗ ಎಲ್ಲರೂ ಗಟ್ಟಿಯಾಗೇ ಕಾಣ್ತಾರೆ. ಕೆಲಸ ಹಚ್ಚಿ ನೋಡು."

ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಹಿಡಿಯಲು ಹೇಳಿ, ಓಂಕಾರಪ್ಪ ಬಟನ್ ಒತ್ತಿದರು.

"ಎಷ್ಟು ತೋರಿಸ್ತಿದೆ?"

"ಹನ್ನೊಂದು."

"ಎಷ್ಟಿರಬೇಕು?"

ಲೋಹಿತ ಯೋಚಿಸಿದ. ಮೈನಸ್ಸೂ ಇಂಜಿನ್ನೂ ಒಂದಕ್ಕೊಂದು ಸೇರಿದ್ದರೆ ಅಲ್ಲಿ ಏನೂ ತೋರಿಸಬಾರದು.

"ಸೊನ್ನೆ," ಎಂದ ಮೆಲ್ಲಗೆ.

"ಹಾಗಾದ್ರೆ ಕರೆಂಟು ಹೋಗೋ ದಾರಿ ಸರಿಯಿದೆ. ವಾಪಸ್ ಬರೋ ದಾರಿ ಮುಚ್ಚಿದೆ."

ಹೆಡ್‌ಲೈಟಿಗೂ ರಿಲೇಗೂ ವಾಪಸ್ ಬರಲು ಬೇರೆ ಸಣ್ಣ ವೈರುಗಳಿದ್ದವು; ಸ್ಟಾರ್ಟರ್ ಮೋಟರಿಗೆ ಒಂದೇ ಒಂದು ದಪ್ಪ ಕಪ್ಪು ವೈರು. ಬ್ಯಾಟರಿಯಿಂದ ಹೊರಟು ಸೀಟಿನ ಕೆಳಗೆ ಬೈಕಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿದ ಅರ್ಥಿಂಗ್ ವೈರು. ಲೋಹಿತ ಬೋಲ್ಟು ಅಲ್ಲಾಡಿಸಿದ. ಬಿಗಿಯಾಗಿಯೇ ಇತ್ತು. ಬಿಚ್ಚಿದ.

ಅಡಿಯಲ್ಲಿ ನೀಲಿ ಬಣ್ಣ. ನುಣ್ಣಗೆ ಹೊಳೆಯುತ್ತಿತ್ತು.

ಅದು ಅವನೇ ಬಳಿದದ್ದು. ಬೈಕು ಒಪ್ಪಿಸುವ ಹಿಂದಿನ ದಿನ ಸೀಟು ಎತ್ತಿದಾಗ, ಆ ಬೋಲ್ಟಿನ ಸುತ್ತ ನಾಣ್ಯದಗಲ ಬರೀ ಕಬ್ಬಿಣ ಕಂಡಿತ್ತು. ಗೌಸಣ್ಣನ ಕೈ ಜಾರಿ ಸ್ಕ್ರೂಡ್ರೈವರ್ ಗೀರಿದ್ದು ಎಂದುಕೊಂಡ. ಯಾರಿಗೂ ಕಾಣದ ಜಾಗ, ಆದರೂ ತನ್ನ ಮೊದಲ ಬೈಕಿನಲ್ಲಿ ಒಂದು ಗೀರೂ ಉಳಿಯಬಾರದು. ವೈರು ಬಿಚ್ಚಿ, ಎರಡು ಕೋಟು ಹೊಡೆದು, ಒಣಗಿದ ಮೇಲೆ ಮತ್ತೆ ಬಿಗಿದಿದ್ದ.

ಅದು ಗೀರಾಗಿರಲಿಲ್ಲ. ವೈರು ಕಬ್ಬಿಣವನ್ನು ಮುಟ್ಟಲೆಂದು ಗೌಸ್‌ಪೀರ್ ಬೇಕೆಂದೇ ಬಣ್ಣ ಕೆರೆದ ಜಾಗ. ಎಷ್ಟು ದುಂಡಗೆ ಕೆರೆದಿದ್ದರು ಎಂಬುದು ಅವನಿಗೆ ಈಗ ನೆನಪಾಯಿತು.

ಲೋಹಿತ ಮರಳು ಕಾಗದ ತಂದು ಬಣ್ಣವನ್ನು ಉಜ್ಜಿ ತೆಗೆದ. ವೈರು ಕೂರಿಸಿ ಬೋಲ್ಟು ಬಿಗಿದ. ಬಟನ್ ಒತ್ತಿದ.

ಒಂದೇ ಸಲಕ್ಕೆ ಇಂಜಿನ್ನು ಶುರುವಾಯಿತು. ತಗಡೆಲ್ಲ ಗದಗುಟ್ಟಿತು.

ಲೋಹಿತ ಕೀ ತಿರುಗಿಸಿ ಆಫ್ ಮಾಡಿದ.

"ಗೌಸಣ್ಣನ ಹತ್ರ ಹೋಗಿ ಬರ್ತೀನಿ. ಕರ್ಕೊಂಡೇ ಬರ್ತೀನಿ."

"ಹೋಗು."

"ನೀವೂ ಬನ್ನಿ ಗುರುಗಳೇ. ನೀವು ಕರೆದ್ರೆ ಇಲ್ಲ ಅನ್ನಲ್ಲ."

ಓಂಕಾರಪ್ಪ ಮೀಟರಿನ ವೈರು ಸುತ್ತುತ್ತಾ ಕೂತರು. ಏಳಲಿಲ್ಲ.

ಗೌಸ್‌ಪೀರ್ ಈಗ ಪೇಟೆಯ ಕಲ್ಯಾಣ ಮಂಟಪವೊಂದರ ಗೇಟಿನಲ್ಲಿ, ಬರುವ ಗಾಡಿಗಳಿಗೆ ಜಾಗ ತೋರಿಸುತ್ತಾ ಕೂರುತ್ತಿದ್ದರು. ಲೋಹಿತನನ್ನು ಕಂಡು ಎರಡು ಟೀ ತರಿಸಿದರು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಕೆರೆದ ಜಾಗ, ಎರಡು ಕೋಟು, ಇಪ್ಪತ್ತು ದಿನ, ಎಲ್ಲವನ್ನೂ. ಗೌಸ್‌ಪೀರ್ ನಕ್ಕರು. ಬಣ್ಣ ಮಾತ್ರ ನೀನು ಚೆನ್ನಾಗಿ ಹೊಡೀತೀಯ ಬಿಡು, ಕರೆಂಟಿಗೂ ದಾಟೋಕೆ ಆಗಿಲ್ಲ ನೋಡು ಎಂದರು.

ಲೋಹಿತನಿಗೆ ಧೈರ್ಯ ಬಂತು. ನಾಳೆ ಗಿರಾಕಿಯನ್ನೂ ಅವನ ಗೆಳೆಯರನ್ನೂ ಮತ್ತೆ ಕರೆಸುತ್ತೇನೆ, ಎಲ್ಲರ ಎದುರು ತಪ್ಪು ನನ್ನದೆಂದು ಹೇಳುತ್ತೇನೆ, ಬಂದು ನೀವೇ ಬಟನ್ ಒತ್ತಬೇಕು ಎಂದು ಕೇಳಿಕೊಂಡ.

ಗೌಸ್‌ಪೀರ್ ಲೋಟ ಕೆಳಗಿಟ್ಟರು.

"ಬೇಡಪ್ಪ. ನೀನು ಹಾಗಂದ ಮಾರನೇ ದಿನ ಮನೇಲಿ ಫ್ಯೂಸ್ ಹೋಯ್ತು. ವೈರ್ ಹಾಕೋಕೆ ಹೋದೆ, ಕೈ ನಡುಗ್ತು. ಮುಂಚೆ ನಡುಗ್ತಿರಲಿಲ್ಲ."

ಅಷ್ಟರಲ್ಲಿ ಒಂದು ಕಾರು ಬಂತು. ಅವರು ಎದ್ದು ಅದಕ್ಕೆ ಜಾಗ ತೋರಿಸಲು ಹೋದರು.

ಲೋಹಿತ ತಿರುಗಿ ಬಂದಾಗ ಗುರುಗಳು ಶೆಡ್ಡಿನ ಹಿಂದೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಒಂದು ಮೆಟ್ಟಿಲು ಕೆಳಗೆ ಕೂತು ನಡೆದದ್ದನ್ನು ಹೇಳಿದ.

"ನಿಜ ಹೇಳಿದೆ ಗುರುಗಳೇ. ಕೇಳಿಸಿಕೊಂಡ್ರು. ಆದ್ರೆ ಅವರು ನಂಬಿರೋದು ನಾನು ಅವತ್ತು ಅಂದ ಮಾತನ್ನೇ."

ಓಂಕಾರಪ್ಪ ನೀರು ನೋಡುತ್ತಿದ್ದರು.

"ನನ್ನ ಒಂದು ಮಾತಿಗೆ ಮೂವತ್ತು ವರ್ಷದ ಕೈ ಹೋಯ್ತು," ಎಂದ ಲೋಹಿತ.

"ನಿನ್ನ ಒಂದು ಮಾತಿಗೇ ಹೋಗ್ತಿರಲಿಲ್ಲ. ನೀನು ನಿನ್ನೆ ಮೊನ್ನೆ ಬಂದವನು. ನಾನೂ ಅಲ್ಲೇ ನಿಂತಿದ್ದೆ."

"ದೋಷ ಎಲ್ಲಿದೆ ಅಂತ ನಿಮಗೂ ಗೊತ್ತಿರಲಿಲ್ಲವಲ್ಲ."

"ದೋಷ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಗೌಸನ ಕೈ ಎಂಥದ್ದು ಅಂತ ಗೊತ್ತಿತ್ತು."

ಗೌಸಣ್ಣ ಮುಖ ತೋರಿಸಲಾಗದೆ ಹೊರಟುಹೋದರು, ನಿಮ್ಮ ಮಾತಿಗೂ ಕಾಯಲಿಲ್ಲ ಎಂದ ಲೋಹಿತ.

"ಕಾದ," ಎಂದರು ಓಂಕಾರಪ್ಪ. "ಚೀಲ ತಗೊಂಡು ಹೋಗುವಾಗ ಅವನು ನಿನ್ನನ್ನ ನೋಡಲಿಲ್ಲ ಲೋಹಿ. ನನ್ನನ್ನ ನೋಡಿದ."